ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡುವುದು ಕಲಿಯಬೇಕೇ? ಓದು, ಕೋರ್ಸ್, ಪದವಿ, ಲ್ಯಾಬ್, ಓಪನ್ ಡೇಟಾ: ಯಾವ ದಾರಿ ಯಾರಿಗೆ

ಹಸುಗೂಸುಗಳು, ಚಿಕ್ಕ ಮಕ್ಕಳು ಹೇಗೆ ಯೋಚಿಸುತ್ತಾರೆ ಅನ್ನುವುದನ್ನು ಸಂಶೋಧನೆ ಮಾಡಲು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ? ಹೀಗೆ ಕೇಳುವವರು ಒಂದೇ ತರಹದವರಲ್ಲ. ಮನಶ್ಶಾಸ್ತ್ರದ ಪದವಿ ಓದುತ್ತಿರುವವರು ಕೇಳುತ್ತಾರೆ. ನರ್ಸರಿ ಟೀಚರ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು ಕೇಳುತ್ತಾರೆ. ಸಾಫ್ಟ್‌ವೇರ್ ಕೆಲಸದಲ್ಲಿದ್ದು ಈ ಕಡೆ ಬರಬೇಕು ಅಂದುಕೊಂಡವರೂ ಕೇಳುತ್ತಾರೆ. ಅವರ ಮುಂದಿರುವ ದಾರಿಗಳು ಮಾತ್ರ ಹೆಚ್ಚು ಕಡಿಮೆ ಅವೇ: ಸ್ವಂತ ಓದು, ಆನ್‌ಲೈನ್ ಕೋರ್ಸ್, ಪದವಿ, ಬೇಬಿ ಲ್ಯಾಬ್‌ನಲ್ಲಿ (ಶಿಶುಗಳ ಮೇಲೆ ಪ್ರಯೋಗ ಮಾಡುವ ಲ್ಯಾಬ್) ಸಹಾಯಕರ ಕೆಲಸ, ಕೆಲವು ದಿನಗಳ ತರಬೇತಿ ಶಿಬಿರ, ಎಲ್ಲರಿಗೂ ತೆರೆದಿಟ್ಟಿರುವ ಡೇಟಾ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವುದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ನೋಡಿದರೆ ಸಿಗುತ್ತದೆ.

ಅಳತೆಗೋಲು ಮೊದಲು

ಈ ಕ್ಷೇತ್ರದ ದೊಡ್ಡ ಕಷ್ಟ ಇದು: ಉತ್ತರ ಹೇಳಬೇಕಾದವರಿಗೆ ಮಾತೇ ಬರುವುದಿಲ್ಲ. ಮಾತು ಬಂದ ಮೇಲೂ ನಮ್ಮ ಪ್ರಶ್ನೆಯನ್ನು ಅವರು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ ಸಂಶೋಧಕರು ಮಗುವಿಗೆ ಆಗಲೇ ಮಾಡಲು ಬರುವ ಒಂದು ಸಣ್ಣ ಕೆಲಸವನ್ನು ಹಿಡಿದುಕೊಂಡು ಅದರ ಮೂಲಕ ಮನಸ್ಸನ್ನು ಊಹಿಸುತ್ತಾರೆ. ರಾಬರ್ಟ್ ಫ್ಯಾಂಟ್ಜ್ 1950ರ ದಶಕದ ಕೊನೆಯಿಂದ ಮಗುವಿನ ನೋಟವನ್ನು ಹಿಡಿದರು. ಎರಡು ಚಿತ್ರ ಇಟ್ಟು ಯಾವುದನ್ನು ಎಷ್ಟು ಹೊತ್ತು ನೋಡುತ್ತದೆ ಅಂತ ಅಳೆದರು. 1971ರಲ್ಲಿ ಪೀಟರ್ ಐಮಸ್ ಮತ್ತು ಸಂಗಡಿಗರು ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಕೂಸುಗಳು ನಿಪ್ಪಲ್ ಚೀಪುವ ವೇಗವನ್ನು ಅಳೆದು, 'ಬಾ' ಮತ್ತು 'ಪಾ' ಶಬ್ದಗಳ ವ್ಯತ್ಯಾಸ ಅವಕ್ಕೆ ತಿಳಿಯುತ್ತದೆ ಅಂತ ತೋರಿಸಿದರು. ಕ್ಯಾರೊಲಿನ್ ರೋವೀ-ಕೋಲಿಯರ್ ಮಗುವಿನ ಕಾಲಿಗೂ ತೊಟ್ಟಿಲ ಮೇಲಿನ ತೂಗಾಟಿಕೆಗೂ ರಿಬ್ಬನ್ ಕಟ್ಟಿ, ಒದ್ದರೆ ಆಟಿಕೆ ಅಲ್ಲಾಡುತ್ತದೆ ಅನ್ನುವುದನ್ನು ಮೂರು ತಿಂಗಳ ಮಗು ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ ಅಂತ ನೋಡಿದರು.

ಓದಲು ಇದೆಲ್ಲ ಸುಲಭವಾಗಿ ಕಾಣುತ್ತದೆ. ಆದರೆ ಮಗು 'ನೋಡಿತು' ಅಂದರೆ ಏನು? ಪರದೆಯ ಅಂಚಿನ ಕಡೆ ಕಣ್ಣು ಹೋದರೆ ಅದು ನೋಟವೇ? ಒಂದು ಕ್ಷಣ ಅಮ್ಮನ ಕಡೆ ತಿರುಗಿ ಮತ್ತೆ ಬಂದರೆ ಎರಡು ನೋಟವೇ, ಒಂದೇ ನೋಟವೇ? ಎರಡು ಸೆಕೆಂಡ್ ಬೇರೆ ಕಡೆ ನೋಡಿದರೆ ಆ ಸುತ್ತು ಮುಗಿಯಿತು ಅಂತ ಎಷ್ಟೋ ಲ್ಯಾಬ್‌ಗಳಲ್ಲಿ ನಿಯಮ ಇದೆ. ಆ ಎರಡು ಸೆಕೆಂಡ್ ಯಾವಾಗ ಶುರುವಾಯಿತು ಅಂತ ಹೇಳುವುದು ಒಬ್ಬ ಮನುಷ್ಯ. ಮಗು ಅತ್ತಿದ್ದಕ್ಕೆ ಅದರ ಡೇಟಾ ಬಿಡಬೇಕೋ ಇಟ್ಟುಕೊಳ್ಳಬೇಕೋ ಅಂತ ನಿರ್ಧರಿಸುವುದೂ ಮನುಷ್ಯರೇ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ವಿಧಾನ ಅನ್ನುವುದರ ದೊಡ್ಡ ಪಾಲು ಈ ಸಣ್ಣ ಸಣ್ಣ ತೀರ್ಮಾನಗಳೇ. ಅದಕ್ಕೇ ನನ್ನ ಮೊದಲ ಅಳತೆಗೋಲು ಇದು: ಈ ದಾರಿಯಲ್ಲಿ ಹೋದರೆ ನಿಮ್ಮ ತೀರ್ಮಾನವನ್ನು ಇನ್ನೊಬ್ಬರು ನೋಡಿ, "ಇದು ಹಾಗಲ್ಲ, ಯಾಕೆ ಹೀಗೆ ಗುರುತು ಮಾಡಿದೆ" ಅಂತ ಕೇಳುತ್ತಾರಾ?

ಎರಡನೆಯದು, ನಿಜವಾದ ಮಕ್ಕಳನ್ನು, ಕಡೇಪಕ್ಷ ಅವರ ಪೂರ್ತಿ ವಿಡಿಯೋವನ್ನು ನೋಡಲು ಸಿಗುತ್ತದಾ? ಮೂರನೆಯದು, ಪ್ರಯೋಗದ ವಿನ್ಯಾಸ ಮತ್ತು ಲೆಕ್ಕಾಚಾರ ಎರಡನ್ನೂ ಕೈಯಾರೆ ಮಾಡಿಸುತ್ತಾರಾ, ಸುಮ್ನೆ ಹೇಳಿ ಬಿಡುತ್ತಾರಾ? ಆಮೇಲೆ ಹಣ, ಸಮಯ, ಮತ್ತು ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದೇನು: ಸರ್ಟಿಫಿಕೇಟೇ, ಶಿಫಾರಸು ಪತ್ರವೇ, ಬೇರೆಯವರು ತೆರೆದು ನೋಡಬಹುದಾದ ಕೆಲಸವೇ. ಕೊನೆಯದನ್ನು ಜನ ಮೊದಲು ಕೇಳುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಮೊದಲನೆಯದು ಇಲ್ಲದೆ ಕಲಿತವರು ಮುಂದೆ ಒಂದು ಲ್ಯಾಬ್ ಸೇರಿದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸ್ವಂತ ಓದು

ಹಣ ಕಡಿಮೆ, ಸಮಯ ನಿಮ್ಮ ಕೈಯಲ್ಲಿ. ಬಹಳಷ್ಟು ಲೇಖಕರು ತಮ್ಮ ಪೇಪರ್‌ಗಳನ್ನು ಉಚಿತವಾಗಿಯೇ ಹಾಕಿರುತ್ತಾರೆ, ಇಲ್ಲವಾದರೆ ಇಮೇಲ್ ಮಾಡಿ ಕೇಳಿದರೆ ಕಳಿಸುತ್ತಾರೆ. ತಿದ್ದುವವರು ಯಾರೂ ಇಲ್ಲ, ಮಕ್ಕಳೂ ಇಲ್ಲ. ಅಂದರೆ ಮೊದಲ ಎರಡು ಅಳತೆಗೋಲಿನಲ್ಲಿ ಈ ದಾರಿ ಸೋಲುತ್ತದೆ. ಆದರೂ ಇದನ್ನು ಬಿಡಬೇಡಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಸರಿಯಾಗಿ ಓದಿದರೆ ಇದು ವಿನ್ಯಾಸವನ್ನು ಬೇರೆಲ್ಲ ದಾರಿಗಿಂತ ಚೆನ್ನಾಗಿ ಕಲಿಸುತ್ತದೆ.

ಸರಿಯಾಗಿ ಅಂದರೆ ಹೇಗೆ? ಒಂದೇ ಪ್ರಯೋಗದ ಸುತ್ತ ನಡೆದ ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರಿಸಿದ ಪ್ರಸಿದ್ಧ 'ಎ ಅಲ್ಲ ಬಿ' ತಪ್ಪನ್ನೇ ತೆಗೆದುಕೊಳ್ಳಿ. ಸುಮಾರು 8ರಿಂದ 12 ತಿಂಗಳ ಮಗುವಿನ ಎದುರಿಗೆ ಆಟಿಕೆಯನ್ನು 'ಎ' ಜಾಗದಲ್ಲಿ ಕೆಲವು ಸಲ ಬಚ್ಚಿಡುತ್ತಾರೆ, ಮಗು ತೆಗೆಯುತ್ತದೆ. ಆಮೇಲೆ ಮಗು ನೋಡುತ್ತಿರುವಾಗಲೇ 'ಬಿ' ಜಾಗದಲ್ಲಿ ಇಡುತ್ತಾರೆ. ಮಗು ಮತ್ತೆ 'ಎ' ಕಡೆಗೇ ಕೈ ಹಾಕುತ್ತದೆ. ವಸ್ತು ಎಲ್ಲಿದೆ ಅನ್ನುವ ಕಲ್ಪನೆಯೇ ಇನ್ನೂ ಪೂರ್ತಿ ಆಗಿಲ್ಲ ಅಂತ ಪಿಯಾಜೆ ಹೇಳಿದರು. ಎಸ್ಟರ್ ಥೆಲೆನ್, ಲಿಂಡಾ ಸ್ಮಿತ್ ಮತ್ತು ಸಂಗಡಿಗರು ಮಗುವಿನ ಭಂಗಿಯನ್ನು ಬದಲಿಸಿ, ಅಂದರೆ ಕೂತಿದ್ದ ಮಗುವನ್ನು ನಿಲ್ಲಿಸಿ ನೋಡಿದಾಗ ತಪ್ಪು ಕಡಿಮೆಯಾಯಿತು. ಹಾಗಾದರೆ ಇದು ಕೈ ಚಾಚುವ ಅಭ್ಯಾಸದ ಮಾತಲ್ವಾ ಅಂತ ಅವರು ಕೇಳಿದರು. 2008ರಲ್ಲಿ ಯೋಜೆಫ್ ಟೋಪಾಲ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು: ಬಚ್ಚಿಡುವವರು ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸದೆ ಬಚ್ಚಿಟ್ಟರೆ ತಪ್ಪು ಕಡಿಮೆ. ಅಂದರೆ ದೊಡ್ಡವರು ತನಗೇನೋ ಹೇಳಿಕೊಡುತ್ತಿದ್ದಾರೆ ಅಂತ ಮಗು ತಿಳಿದುಕೊಂಡಿರಬಹುದು.

ಒಂದೇ ನಡವಳಿಕೆ, ಮೂರು ವಿವರಣೆ. ಪ್ರತಿಯೊಂದಕ್ಕೂ ಪ್ರಯೋಗದಲ್ಲಿ ಒಂದೇ ಒಂದು ಅಂಶ ಬದಲಾಗಿದೆ. ಮೊದಲು ವಿಧಾನದ ಭಾಗ ಮಾತ್ರ ಓದಿ, ಫಲಿತಾಂಶ ಮುಚ್ಚಿಟ್ಟು, "ಯಾವ ಫಲಿತಾಂಶ ಬಂದರೆ ಯಾವ ವಿವರಣೆ ಬಿದ್ದುಹೋಗುತ್ತದೆ" ಅಂತ ಬರೆದುಕೊಂಡು ಆಮೇಲೆ ಮುಂದೆ ಓದಿ. ನಿಧಾನ ಆಗುತ್ತದೆ, ತಲೆ ಬಿಸಿಯೂ ಆಗುತ್ತದೆ. ಆದರೆ ಹೀಗೆ ಓದಿದ ಐದು ಪೇಪರ್, ಸುಮ್ನೆ ಕಣ್ಣಾಡಿಸಿದ ಐವತ್ತಕ್ಕಿಂತ ಜಾಸ್ತಿ ಕಲಿಸುತ್ತದೆ. ಇಬ್ಬರೋ ಮೂವರೋ ಸೇರಿ ಓದುವ ಗುಂಪು ಮಾಡಿಕೊಂಡರೆ ತಿದ್ದುವವರು ಇಲ್ಲ ಅನ್ನುವ ಕೊರತೆಯೂ ಸ್ವಲ್ಪ ತುಂಬುತ್ತದೆ.

ಆನ್‌ಲೈನ್ ಕೋರ್ಸ್

ಇದರ ಬಗ್ಗೆ ಹೇಳುವುದು ಕಡಿಮೆ. ಮಕ್ಕಳ ಬೆಳವಣಿಗೆಯ ಬಗ್ಗೆ ಒಳ್ಳೆಯ ವಿಡಿಯೋ ಕೋರ್ಸ್‌ಗಳು ಇವೆ, ಅಗ್ಗ, ಹಲವು ಉಚಿತ. ಆದರೆ ಅವುಗಳಲ್ಲಿ ಬಹುಪಾಲು ಫಲಿತಾಂಶಗಳನ್ನು ಕಲಿಸುತ್ತವೆ, ವಿಧಾನವನ್ನಲ್ಲ. ಸೇರುವ ಮುಂಚೆ ಪಾಠಗಳ ಪಟ್ಟಿ ನೋಡಿ. ನೀವೇ ಡೇಟಾ ತೆರೆದು ಮಾಡಬೇಕಾದ ಕೆಲಸ ಒಂದೂ ಇಲ್ಲದೆ ಬರೀ ಬಹು ಆಯ್ಕೆಯ ಪ್ರಶ್ನೆಗಳೇ ಇದ್ದರೆ ಅದು ಪರಿಚಯಕ್ಕೆ ಸಾಕು, ಕಲಿಕೆಗೆ ಸಾಲದು. ಅಂಕಿಅಂಶ ಮತ್ತು ಆರ್ (ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕೋರ್ಸ್‌ಗಳ ಮಾತು ಬೇರೆ. ಅವುಗಳಲ್ಲಿ ಮಾಡಿದ್ದು ಸರಿಯೋ ತಪ್ಪೋ ಅಂತ ತಕ್ಷಣ ಗೊತ್ತಾಗುತ್ತದೆ, ಅದಕ್ಕೆ ಆನ್‌ಲೈನ್ ಕಲಿಕೆ ಚೆನ್ನಾಗಿ ಒಗ್ಗುತ್ತದೆ. ಆನ್‌ಲೈನ್ ಕೋರ್ಸ್‌ಗೆ ಹಣ ಹಾಕುವುದಾದರೆ ಅಲ್ಲಿ ಹಾಕಿ.

ಪದವಿ

ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಉದ್ದ. ಸಂಶೋಧಕರಾಗಿಯೇ ಬದುಕಬೇಕು ಅನ್ನುವವರಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ, ಯಾಕೆಂದರೆ ಮಕ್ಕಳ ಮೇಲೆ ಅಧ್ಯಯನ ಮಾಡಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಒಂದು ಸಂಸ್ಥೆ ಬೇಕು. ಪೋಷಕರಿಂದ ಒಪ್ಪಿಗೆ ಪಡೆಯುವುದು, ಮಾತು ಬರುವ ಮಗುವಾದರೆ ಅದಕ್ಕೂ ಅರ್ಥವಾಗುವ ಹಾಗೆ ಹೇಳಿ ಕೇಳುವುದು, ಮಗು ಬೇಡ ಅಂದ ಕ್ಷಣ ನಿಲ್ಲಿಸುವುದು, ವಿಡಿಯೋ ಯಾರು ನೋಡಬಹುದು ಅಂತ ಬರೆದಿಡುವುದು, ಇವನ್ನೆಲ್ಲ ಪದವಿಯಲ್ಲಿ ನಿಜವಾದ ಅರ್ಜಿ ಬರೆದು ಕಲಿಯುತ್ತೀರಿ. ಪ್ರಬಂಧ ಬರೆಯುವಾಗ ಮಾರ್ಗದರ್ಶಕರು ಪ್ರತಿ ತೀರ್ಮಾನವನ್ನೂ ಪ್ರಶ್ನಿಸುತ್ತಾರೆ. ಒಳ್ಳೆಯ ಮಾರ್ಗದರ್ಶಕರು ಸಿಕ್ಕರೆ, ಅಷ್ಟೇ.

ಆ 'ಸಿಕ್ಕರೆ' ಅನ್ನುವುದೇ ಇಲ್ಲಿ ಮುಖ್ಯ. ವಿಶ್ವವಿದ್ಯಾಲಯದ ಹೆಸರು ನೋಡಿ ಸೇರಿ, ಅಲ್ಲಿ ಶಿಶುಗಳ ಮೇಲೆ ಕೆಲಸ ಮಾಡುವವರೇ ಯಾರೂ ಇಲ್ಲದೆ ಪ್ರಶ್ನಾವಳಿ ಹಂಚಿ ಪ್ರಬಂಧ ಮುಗಿಸಿದವರು ತುಂಬಾ ಜನ ಇದ್ದಾರೆ. ಹೆಸರಿಗಿಂತ ಲ್ಯಾಬ್ ನೋಡಿ. ಕಳೆದ ಎರಡು ಮೂರು ವರ್ಷಗಳಲ್ಲಿ ಅಲ್ಲಿಂದ ಬಂದ ಪೇಪರ್‌ಗಳಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯಾ, ಡೇಟಾ ಮತ್ತು ಲೆಕ್ಕದ ಕೋಡ್ ತೆರೆದಿಟ್ಟಿದ್ದಾರಾ ಅಂತ ನೋಡಿ. ಇವೆರಡೂ ಇದ್ದರೆ ಅಲ್ಲಿ ಕಲಿಸುತ್ತಾರೆ ಅನ್ನುವುದಕ್ಕೆ ಒಳ್ಳೆಯ ಗುರುತು.

ಬೇಬಿ ಲ್ಯಾಬ್‌ನಲ್ಲಿ ಕೆಲಸ

ನನ್ನ ಒಲವು ಇದರ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕಾರಣ, ಮೇಲೆ ಹೇಳಿದ ಮೊದಲ ಅಳತೆಗೋಲು ಇಲ್ಲಿ ದಿನದ ಕೆಲಸದಲ್ಲೇ ಸೇರಿಕೊಂಡಿದೆ.

ಸಹಾಯಕರ ಕೆಲಸ ಏನು? ಪೋಷಕರಿಗೆ ಫೋನ್ ಮಾಡುವುದು, ಮಗುವಿನ ನಿದ್ದೆಯ ಹೊತ್ತು ತಪ್ಪಿಸಿ ಸಮಯ ಗೊತ್ತು ಮಾಡುವುದು, ಆಟಿಕೆ ಒರೆಸುವುದು, ಅತ್ತ ಮಗುವನ್ನು ಸಮಾಧಾನ ಮಾಡುವುದು, ಮತ್ತೆ ಗಂಟೆಗಟ್ಟಲೆ ವಿಡಿಯೋ ಕೋಡಿಂಗ್. ಇಲ್ಲಿ ಕೋಡಿಂಗ್ ಅಂದರೆ ಪ್ರೋಗ್ರಾಮ್ ಬರೆಯುವುದಲ್ಲ. ಡೇಟಾವ್ಯು, ಎಲಾನ್ ತರಹದ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ತೆರೆದು, ಮಗು ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ ಬೇರೆಲ್ಲೋ ಅಂತ ಫ್ರೇಮ್ ಫ್ರೇಮ್ ಆಗಿ ಗುರುತು ಹಾಕುವುದು. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೋ ಆದರೆ ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ಆ ಮಗು ಯಾವ ಗುಂಪಿನದು, ಪರದೆಯ ಮೇಲೆ ಏನಿತ್ತು ಅಂತ ನಿಮಗೆ ಹೇಳಿರುವುದಿಲ್ಲ, ಹೇಳಲೂಬಾರದು. ಆಮೇಲೆ ಅದೇ ವಿಡಿಯೋಗಳಲ್ಲಿ ಒಂದು ಪಾಲನ್ನು ಇನ್ನೊಬ್ಬರು ನಿಮ್ಮದನ್ನು ನೋಡದೆ ಕೋಡ್ ಮಾಡುತ್ತಾರೆ. ಇಬ್ಬರದೂ ಎಷ್ಟು ಹೊಂದುತ್ತದೆ ಅಂತ ಕೋಹೆನ್ ಕಾಪಾ ತರಹದ ಅಳತೆಯಿಂದ ನೋಡುತ್ತಾರೆ. ಹೊಂದದಿದ್ದರೆ ಕೂತು ಮಾತಾಡುತ್ತೀರಿ: ನೀನು ಇಲ್ಲಿ ಯಾಕೆ 'ನೋಡಿತು' ಅಂದೆ? ನಾನು ಯಾಕೆ ಇಲ್ಲ ಅಂದೆ? ಈ ಮಾತುಕತೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಇನ್ನೊಂದು ಲಾಭ ಇದೆ. ಪೇಪರ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಎಚ್ಚರಿಕೆಗಳ ಕಾರಣ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಅಮ್ಮನಿಗೋ ಅಪ್ಪನಿಗೋ ಕಣ್ಣು ಮುಚ್ಚಿಕೊಳ್ಳಿ ಅಂತಲೋ, ಹೆಡ್‌ಫೋನ್ ಹಾಕಿಕೊಳ್ಳಿ ಅಂತಲೋ ಯಾಕೆ ಹೇಳುತ್ತಾರೆ? ಅವರು ಗೊತ್ತಿಲ್ಲದೆಯೇ ಸರಿ ಉತ್ತರದ ಕಡೆ ಒಂಚೂರು ವಾಲುತ್ತಾರೆ, ಮಗು ಅದನ್ನು ಹಿಡಿದುಬಿಡುತ್ತದೆ. ಒಂದು ಸಲ ಅದನ್ನು ವಿಡಿಯೋದಲ್ಲಿ ಕಂಡವರು ಆಮೇಲೆ ಯಾವ ಪೇಪರ್ ಓದಿದರೂ ಪೋಷಕರು ಎಲ್ಲಿ ಕೂತಿದ್ದರು ಅಂತ ಹುಡುಕುತ್ತಾರೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಈ ಕೆಲಸಗಳಲ್ಲಿ ಬಹಳಷ್ಟಕ್ಕೆ ಸಂಬಳ ಇರುವುದಿಲ್ಲ. ಮನೆ ನಡೆಸಬೇಕಾದವರಿಗೆ ಇದು ದೊಡ್ಡ ಅಡ್ಡಿ, ಅನ್ಯಾಯ ಅಂತಲೂ ನನಗೆ ಅನಿಸುತ್ತದೆ. ಲ್ಯಾಬ್ ಹತ್ತಿರ ಇರಬೇಕು. ಒಂದು ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ವಿಧಾನ ಮಾತ್ರ ಕಲಿಯಲು ಸಿಗುತ್ತದೆ. ಕೆಲವು ಕಡೆ ಫೋನ್ ಮಾಡುವುದರಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಅದಕ್ಕೆ ಸೇರುವ ಮುಂಚೆ ನಾಲ್ಕು ವಿಷಯ ನೇರವಾಗಿ ಕೇಳಿ: ಕೋಡಿಂಗ್ ತರಬೇತಿ ಯಾರು ಕೊಡುತ್ತಾರೆ, ನಾನು ಕೋಡ್ ಮಾಡಿದ್ದನ್ನು ಯಾರು ನೋಡುತ್ತಾರೆ, ಲ್ಯಾಬ್ ಸಭೆಗೆ ಸಹಾಯಕರೂ ಬರಬಹುದಾ, ವಾರಕ್ಕೆ ಎಷ್ಟು ಗಂಟೆ. ಕೆಲವು ಲ್ಯಾಬ್‌ಗಳು ದೂರದಿಂದಲೇ ಕೋಡಿಂಗ್ ಮಾಡಲು ಬಿಡುತ್ತವೆ. ಮಕ್ಕಳ ವಿಡಿಯೋ ಖಾಸಗಿ ವಿಷಯ, ಹಾಗಾಗಿ ಎಲ್ಲ ಕಡೆ ಆಗುವುದಿಲ್ಲ, ಆದರೂ ಕೇಳಿ ನೋಡಬಹುದು.

ಓಪನ್ ಡೇಟಾ

ಲ್ಯಾಬ್ ಹತ್ತಿರ ಇಲ್ಲದವರಿಗೆ, ಹಣ ಕಡಿಮೆ ಇರುವವರಿಗೆ, ಕಂಪ್ಯೂಟರ್ ಜೊತೆ ಸಲಿಗೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಬಹಳ ಜನಕ್ಕೆ ಇದು ಇದೆ ಅಂತಲೇ ಗೊತ್ತಿರುವುದಿಲ್ಲ.

ಚೈಲ್ಡ್ಸ್ ಅನ್ನುವ ಸಂಗ್ರಹವನ್ನು ಬ್ರಯಾನ್ ಮ್ಯಾಕ್‌ವಿನಿ ಮತ್ತು ಕ್ಯಾಥರಿನ್ ಸ್ನೋ 1984ರಲ್ಲಿ ಶುರು ಮಾಡಿದರು. ಮಕ್ಕಳು ಮನೆಯವರ ಜೊತೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿ ಇಟ್ಟಿದ್ದಾರೆ, ಹತ್ತಾರು ಭಾಷೆಗಳಲ್ಲಿ. ವರ್ಡ್‌ಬ್ಯಾಂಕ್‌ನಲ್ಲಿ ಮಗುವಿಗೆ ಯಾವ ಯಾವ ಪದ ಗೊತ್ತು ಅಂತ ಪೋಷಕರು ತುಂಬಿದ ಪಟ್ಟಿಗಳ ಡೇಟಾ ಇದೆ. ಮೆಟಾಲ್ಯಾಬ್‌ನಲ್ಲಿ ಶಿಶುಗಳ ಮೇಲೆ ನಡೆದ ಅಧ್ಯಯನಗಳ ಫಲಿತಾಂಶಗಳನ್ನು ವಿಷಯವಾರು ಒಟ್ಟು ಸೇರಿಸಿದ್ದಾರೆ. ಯಾವ ವಿಧಾನದಲ್ಲಿ, ಯಾವ ವಯಸ್ಸಿನಲ್ಲಿ, ಪರಿಣಾಮ ಎಷ್ಟು ದೊಡ್ಡದು ಅಂತ ನೋಡಬಹುದು. ಡೇಟಾಬ್ರೇರಿಯಲ್ಲಿ ವಿಡಿಯೋಗಳೇ ಇವೆ, ಆದರೆ ಬಹುಪಾಲು ವಿಡಿಯೋ ನೋಡಲು ಒಂದು ಸಂಸ್ಥೆಯ ಮೂಲಕ ಅನುಮತಿ ಬೇಕು.

ಇವುಗಳಿಂದ ಏನು ಕಲಿಯುತ್ತೀರಿ? ಲೆಕ್ಕಾಚಾರ, ಖಂಡಿತ. ಜೊತೆಗೆ ಮಕ್ಕಳ ಡೇಟಾ ಎಷ್ಟು ಏರುಪೇರು ಅನ್ನುವುದು. ಒಂದೇ ವಯಸ್ಸಿನ ಮಕ್ಕಳ ಪದಗಳ ಎಣಿಕೆಯನ್ನು ವರ್ಡ್‌ಬ್ಯಾಂಕ್‌ನಲ್ಲಿ ಒಂದು ಚಿತ್ರವಾಗಿ ಬಿಡಿಸಿ ನೋಡಿ. ಸರಾಸರಿ ಅನ್ನುವ ಒಂದು ಗೆರೆ ಎಷ್ಟು ಮಕ್ಕಳನ್ನು ಮರೆಮಾಡುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಇದನ್ನು ಬೇರೆಯವರಿಂದ ಕೇಳುವುದಕ್ಕೂ ನೀವೇ ಬಿಡಿಸಿ ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೆನಿಬೇಬೀಸ್ ಅನ್ನುವ ಕೂಟದ ಮೊದಲ ಅಧ್ಯಯನವನ್ನು ಹೊಸಬರೆಲ್ಲ ಓದಬೇಕು ಅಂತ ನನ್ನ ಆಸೆ. 2020ರಲ್ಲಿ ಪ್ರಕಟವಾಯಿತು, 67 ಲ್ಯಾಬ್‌ಗಳು, ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳು. ಮಕ್ಕಳ ಜೊತೆ ಮಾತಾಡುವಾಗ ನಾವು ದನಿ ಎಳೆದು, ರಾಗವಾಗಿ ಮಾತಾಡುತ್ತೇವಲ್ವಾ, ಆ ಮಾತನ್ನು ಶಿಶುಗಳು ಜಾಸ್ತಿ ಇಷ್ಟಪಡುತ್ತವೆಯೇ ಅನ್ನುವುದು ಪ್ರಶ್ನೆ. ಹೌದು ಅಂತ ಉತ್ತರ ಬಂತು. ಅದಕ್ಕಿಂತ ನಮಗೆ ಮುಖ್ಯವಾದ ವಿಷಯ ಬೇರೆ. ಅದೇ ಪ್ರಶ್ನೆ, ಅದೇ ಧ್ವನಿಮುದ್ರಣ, ಆದರೆ ಲ್ಯಾಬ್‌ಗಳು ಮೂರು ಬೇರೆ ಬೇರೆ ವಿಧಾನ ಬಳಸಿದ್ದವು. ಮಗು ಶಬ್ದದ ಕಡೆ ಎಷ್ಟು ಹೊತ್ತು ತಲೆ ತಿರುಗಿಸಿರುತ್ತದೆ ಅಂತ ಅಳೆಯುವ ವಿಧಾನದಲ್ಲಿ ಪರಿಣಾಮ ಉಳಿದೆರಡಕ್ಕಿಂತ ದೊಡ್ಡದಾಗಿ ಕಂಡಿತು. ಅಳೆಯುವ ಸಾಧನ ಬದಲಾದರೆ ಮಗುವಿನ 'ಇಷ್ಟ'ದ ಗಾತ್ರವೂ ಬದಲಾಗುತ್ತದೆ! ಆ ಡೇಟಾ ತೆರೆದಿದೆ. ಇಳಿಸಿಕೊಂಡು, ಅವರ ಲೆಕ್ಕವನ್ನು ನೀವೇ ಮತ್ತೆ ಮಾಡಿ ಅದೇ ಉತ್ತರ ಬರುತ್ತದಾ ನೋಡಿ. ಒಂದು ಲ್ಯಾಬ್‌ಗೆ ಅರ್ಜಿ ಹಾಕುವಾಗ ಇದನ್ನು ತೋರಿಸಿದರೆ ಸರ್ಟಿಫಿಕೇಟಿಗಿಂತ ಜಾಸ್ತಿ ಬೆಲೆ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಕೊರತೆ ಏನು? ಡೇಟಾ ನಿಮ್ಮ ಕೈಗೆ ಬರುವ ಹೊತ್ತಿಗೆ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಅತ್ತ ಮಗು ಪಟ್ಟಿಯಲ್ಲಿ ಒಂದು ಖಾಲಿ ಮನೆ ಅಷ್ಟೇ. ಮಗುವನ್ನು ಒಮ್ಮೆಯೂ ನೋಡದೆ ಬರೀ ಸಂಖ್ಯೆಯಿಂದ ಈ ವಿಷಯ ಕಲಿತವರು ಎಷ್ಟೋ ಸಲ ಸಂಖ್ಯೆಯನ್ನು ಅತಿಯಾಗಿ ನಂಬುತ್ತಾರೆ.

ತರಬೇತಿ ಶಿಬಿರ

ಇಇಜಿ (ಮಿದುಳಿನ ವಿದ್ಯುತ್ ಸಂಕೇತ ಅಳೆಯುವುದು), ಎಫ್‌ನಿರ್ಸ್ (ಬೆಳಕು ಹಾಯಿಸಿ ಮಿದುಳಿನ ಚಟುವಟಿಕೆ ಅಳೆಯುವುದು), ಐ ಟ್ರ್ಯಾಕರ್ (ಕಣ್ಣು ಎಲ್ಲಿ ನೋಡುತ್ತಿದೆ ಅಂತ ಹಿಡಿಯುವುದು) ತರಹದ ಯಂತ್ರಗಳಿಗೆ ಮಾತ್ರ. ಶುಲ್ಕ ಜಾಸ್ತಿ, ಅವಧಿ ಕಡಿಮೆ. ಮುಂದಿನ ಕೆಲವು ತಿಂಗಳಲ್ಲಿ ಆ ಯಂತ್ರ ನಿಮ್ಮ ಕೈಗೆ ಸಿಗುತ್ತದೆ ಅಂತಾದರೆ ಹೋಗಿ. ಇಲ್ಲವಾದರೆ ಕಲಿತದ್ದು ಮರೆತುಹೋಗುತ್ತದೆ, ಹಣ ಹೋಗಿದ್ದಷ್ಟೇ ಉಳಿಯುತ್ತದೆ.

ದಾರಿ ಆಯಿತು, ಯಾವ ವಿಧಾನ ಮೊದಲು?

ಇದು ನಿಮಗೆ ಯಾವ ವಯಸ್ಸಿನ ಮಕ್ಕಳ ಬಗ್ಗೆ ಕುತೂಹಲ ಅನ್ನುವುದರ ಮೇಲೆ ನಿಂತಿದೆ.

ಒಂದು ವರ್ಷದೊಳಗಿನ ಕೂಸುಗಳಾದರೆ ನೋಟದ ಸಮಯ ಅಳೆಯುವುದರಿಂದಲೇ ಶುರು ಮಾಡಿ. ಒಂದು ಕ್ಯಾಮೆರಾ, ಒಂದು ಪರದೆ ಸಾಕು. ಪೈಹ್ಯಾಬ್ ತರಹದ ಉಚಿತ ಸಾಫ್ಟ್‌ವೇರ್ ಇದೆ. ಅದೇ ಚಿತ್ರ ಮತ್ತೆ ಮತ್ತೆ ತೋರಿಸಿ, ನೋಡುವ ಹೊತ್ತು ಮೊದಲಿನ ಅರ್ಧಕ್ಕೆ ಇಳಿದಾಗ ಹೊಸದನ್ನು ತೋರಿಸುವುದು ಹ್ಯಾಬಿಚುಯೇಶನ್. ನಡೆಯಲಾರದ ಘಟನೆ ತೋರಿಸಿ ಮಗು ಜಾಸ್ತಿ ಹೊತ್ತು ನೋಡುತ್ತದಾ ಅಂತ ಅಳೆಯುವುದು ನಿರೀಕ್ಷೆ ಮುರಿಯುವ ಪ್ರಯೋಗ. 1985ರಲ್ಲಿ ರೆನೆ ಬೈಯರ್ಜಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ ಐದು ತಿಂಗಳ ಮಕ್ಕಳಿಗೆ ತಿರುಗುವ ಒಂದು ಫಲಕ ತನ್ನ ಹಿಂದಿದ್ದ ಪೆಟ್ಟಿಗೆಯ ಮೂಲಕವೇ ಹಾದುಹೋದಂತೆ ತೋರಿಸಿದರು. ಮಕ್ಕಳು ಜಾಸ್ತಿ ಹೊತ್ತು ನೋಡಿದರು. ಕಾಣದ ವಸ್ತು ಅಲ್ಲೇ ಇದೆ ಅಂತ ಅವಕ್ಕೆ ಗೊತ್ತು ಅಂತ ಸಂಶೋಧಕರು ಅರ್ಥ ಮಾಡಿದರು. ಆ ಪೂರ್ತಿ ತಿರುಗುವ ಫಲಕವನ್ನು ಮಕ್ಕಳು ಮೊದಲೇ ನೋಡಿ ಅಭ್ಯಾಸವಾಗಿತ್ತು, ಪರಿಚಿತವಾದದ್ದನ್ನೇ ಜಾಸ್ತಿ ನೋಡಿರಬಹುದಲ್ಲ ಅಂತ ಆಮೇಲೆ ಬೇರೆಯವರು ಕೇಳಿದರು. ಮಗು ಹೊಸದನ್ನು ಜಾಸ್ತಿ ನೋಡುತ್ತದೋ ಹಳೆಯದನ್ನೋ ಅನ್ನುವುದು ವಯಸ್ಸು, ಚಿತ್ರ ಎಷ್ಟು ಜಟಿಲ, ಎಷ್ಟು ಹೊತ್ತು ತೋರಿಸಿದ್ದೀರಿ ಇವುಗಳ ಮೇಲೆ ಬದಲಾಗುತ್ತದೆ. ಖರ್ಚು ಕಡಿಮೆ ಇರುವ ವಿಧಾನ ಇದು, ಅರ್ಥ ಮಾಡುವುದು ಮಾತ್ರ ತುಂಬಾ ಕಷ್ಟ.

ಭಾಷೆಯ ಕಡೆ ಒಲವಿದ್ದರೆ, ಶಬ್ದ ಬದಲಾದಾಗ ತಲೆ ತಿರುಗಿಸಲು ಮಗುವಿಗೆ ಕಲಿಸುವ ವಿಧಾನ ನೋಡಿ (ಮೆನಿಬೇಬೀಸ್‌ನಲ್ಲಿ ಬಂದದ್ದು ಬೇರೆ). ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇದನ್ನು ಬಳಸಿ ತೋರಿಸಿದ ವಿಷಯ ನಮಗೆಲ್ಲ ಸುಲಭವಾಗಿ ಕಿವಿಗೆ ಬೀಳುತ್ತದೆ: ಹಿಂದಿಯ 'ತ' ಮತ್ತು 'ಟ' ವ್ಯತ್ಯಾಸವನ್ನು ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಮಕ್ಕಳು ಗುರುತಿಸುತ್ತಿದ್ದರು, 10ರಿಂದ 12 ತಿಂಗಳ ಹೊತ್ತಿಗೆ ಬಹುಪಾಲು ಮಕ್ಕಳು ಗುರುತಿಸುತ್ತಿರಲಿಲ್ಲ. ಈ ವಿಧಾನಕ್ಕೆ ಮಗುವಿಗೆ ಮೊದಲು ತರಬೇತಿ ಕೊಡಬೇಕು, ಒಬ್ಬ ನುರಿತ ಸಹಾಯಕರು ಎದುರಿಗೆ ಕೂತು ಮಗುವನ್ನು ಆಟದಲ್ಲಿ ಹಿಡಿದಿಡಬೇಕು. ಒಬ್ಬರೇ ಕಲಿಯುವಂಥದ್ದಲ್ಲ.

ಮೂರರಿಂದ ಆರು ವರ್ಷದ ಮಕ್ಕಳಾದರೆ ಕಥೆ, ಗೊಂಬೆ, ಪ್ರಶ್ನೆ. ಟೀಚರ್‌ಗಳಿಗೆ ನಾನು ಹೇಳುವುದು ಇದನ್ನೇ, ಮಕ್ಕಳನ್ನು ಮಾತಾಡಿಸುವ ಅರ್ಧ ಕೌಶಲ ಅವರಲ್ಲಿ ಆಗಲೇ ಇರುತ್ತದೆ. ಕಲಿಯಬೇಕಾದದ್ದು ಉಳಿದರ್ಧ: ಪ್ರಶ್ನೆಯೇ ಉತ್ತರವನ್ನು ಹೇಗೆ ತಿರುಗಿಸುತ್ತದೆ ಅನ್ನುವುದು. ಎರಡು ಸಾಲು ಗುಂಡಿ ಇಟ್ಟು ಎರಡೂ ಸಮ ಅಂತ ಮಗು ಒಪ್ಪಿದ ಮೇಲೆ ಒಂದು ಸಾಲನ್ನು ಎಳೆದು ಉದ್ದ ಮಾಡಿದರೆ, ಈಗ ಇದು ಜಾಸ್ತಿ ಅನ್ನುತ್ತದೆ. ಪಿಯಾಜೆಯ ಪ್ರಸಿದ್ಧ ಪರೀಕ್ಷೆ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಬೊಂಬೆ ಬಂದು ಸಾಲನ್ನು ಕೆಡಿಸಿದಂತೆ ಮಾಡಿದರು. ಹೆಚ್ಚು ಮಕ್ಕಳು ಸರಿ ಉತ್ತರ ಕೊಟ್ಟರು. ದೊಡ್ಡವರು ಬೇಕಂತಲೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರ ಬದಲಿಸು ಅಂತ ಹೇಳುತ್ತಿದ್ದಾರೆ ಅಂತ ಮಗು ತಿಳಿಯುವುದು ಸಹಜ.

ಇಇಜಿ ಮತ್ತು ಎಫ್‌ನಿರ್ಸ್ ಅನ್ನು ಮೊದಲ ವಿಧಾನವಾಗಿ ಕಲಿಯಬೇಡಿ. ಯಂತ್ರ ದುಬಾರಿ, ಟೋಪಿ ಹಾಕಿದ ಕೂಡಲೇ ಎಷ್ಟೋ ಮಕ್ಕಳು ಅಳುತ್ತವೆ, ಅಲ್ಲಾಡಿದರೆ ಸಂಕೇತ ಕೆಡುತ್ತದೆ, ಬಹಳ ಮಕ್ಕಳ ಡೇಟಾ ಬಿಡಬೇಕಾಗುತ್ತದೆ. ಮಿದುಳಿನ ಚಿತ್ರ ಬಂದ ಮೇಲೂ 'ಇದರ ಅರ್ಥವೇನು' ಅನ್ನುವ ಪ್ರಶ್ನೆ ಹಾಗೇ ಇರುತ್ತದೆ. ಅದಕ್ಕೆ ಉತ್ತರ ಹುಡುಕುವುದನ್ನು ನೋಟದ ಪ್ರಯೋಗಗಳಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಯಬಹುದು.

ಯಾರಿಗೆ ಯಾವುದು

ಪದವಿ ಓದುತ್ತಿರುವವರು, ಹತ್ತಿರದಲ್ಲಿ ಲ್ಯಾಬ್ ಇದ್ದರೆ, ಬೇರೆ ಯೋಚನೆ ಮಾಡಬೇಡಿ, ವಾರಕ್ಕೆ ಕೆಲವು ಗಂಟೆಯಾದರೂ ಅಲ್ಲಿ ಕೆಲಸ ಮಾಡಿ, ಸಂಜೆ ಆರ್ ಕಲಿಯಿರಿ. ಲ್ಯಾಬ್ ಇಲ್ಲದಿದ್ದರೆ ಓಪನ್ ಡೇಟಾದಿಂದ ಒಂದು ಪೂರ್ತಿ ಕೆಲಸ ಮಾಡಿ ಮುಗಿಸಿ, ಅದನ್ನು ಹಿಡಿದು ಲ್ಯಾಬ್‌ಗಳಿಗೆ ಬರೆಯಿರಿ. ಸಾಫ್ಟ್‌ವೇರ್ ಕಡೆಯಿಂದ ಬರುವವರಿಗೂ ಓಪನ್ ಡೇಟಾವೇ ಹತ್ತಿರದ ಬಾಗಿಲು. ಆದರೆ ಮಗುವಿನ ವಿಡಿಯೋ ಕೋಡಿಂಗ್ ಒಂದಿಷ್ಟಾದರೂ ಮಾಡದೆ ಕಂಪ್ಯೂಟರ್ ಮಾದರಿ ಕಟ್ಟಲು ಹೊರಡಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಟೀಚರ್‌ಗಳು, ಥೆರಪಿಸ್ಟ್‌ಗಳು ಇನ್ನೊಂದು ಪದವಿಗೆ ಹಣ ಸುರಿಯುವ ಮುಂಚೆ ಓದುವ ಗುಂಪು ಕಟ್ಟಿಕೊಳ್ಳಿ, ಒಂದು ಲ್ಯಾಬ್‌ನ ಜೊತೆ ಸಹಯೋಗ ಕೇಳಿ. ಮಕ್ಕಳು ಸಿಗುವುದೇ ಲ್ಯಾಬ್‌ಗಳಿಗೆ ಕಷ್ಟ, ಆದ್ದರಿಂದ ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ. ಚಿಕ್ಕ ಮಗು ಇರುವ ಪೋಷಕರು ಚಿಲ್ಡ್ರನ್ ಹೆಲ್ಪಿಂಗ್ ಸೈನ್ಸ್ ಅನ್ನುವ ತಾಣದಲ್ಲಿ ಮನೆಯಿಂದಲೇ ವೆಬ್‌ಕ್ಯಾಮ್ ಮೂಲಕ ಅಧ್ಯಯನಗಳಲ್ಲಿ ಭಾಗವಹಿಸಬಹುದು. ಪ್ರಯೋಗ ಹೇಗಿರುತ್ತದೆ ಅಂತ ಒಳಗಿನಿಂದ ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೂ ಗೊಂದಲ ಇದ್ದರೆ ಹಣ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಪರಿಚಯದ ಪೋಷಕರ ಒಪ್ಪಿಗೆ ಪಡೆದು, ಮಗು ಆಟಿಕೆಗಳ ಮುಂದೆ ಆಡುವ ಹತ್ತು ನಿಮಿಷದ ವಿಡಿಯೋ ತೆಗೆದುಕೊಳ್ಳಿ. ಅದನ್ನು ಎಲ್ಲೂ ಹಾಕಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಮಗು ಯಾವ ಆಟಿಕೆಯನ್ನು ಯಾವಾಗ ನೋಡಿತು ಅಂತ ಎಲಾನ್‌ನಲ್ಲಿ ನೀವೊಬ್ಬರು ಗುರುತು ಹಾಕಿ, ಗೆಳೆಯರೊಬ್ಬರು ಬೇರೆ ಕೂತು ಹಾಕಲಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೊಂದದ ಜಾಗಗಳ ಬಗ್ಗೆ ವಾದ ಮಾಡುತ್ತಾ ಹೊತ್ತು ಹೋಗಿದ್ದೇ ತಿಳಿಯದಿದ್ದರೆ ಲ್ಯಾಬ್‌ಗಳಿಗೆ ಅರ್ಜಿ ಬರೆಯಲು ಶುರು ಮಾಡಿ. ಅದಕ್ಕಿಂತ ಕೊನೆಯಲ್ಲಿ ಬಂದ ಸಂಖ್ಯೆಗಳ ಜೊತೆ ಆಡುವುದೇ ಹಿಡಿಸಿದರೆ ವರ್ಡ್‌ಬ್ಯಾಂಕ್ ತೆರೆಯಿರಿ.